ಸೀಮಂತ ಮುಗಿದ ಮೇಲೆ ಬಿಪಿ ನೋಡಿದ್ದು ಯಾರು?

ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲಿ ಸೀಮಂತ. ಹೂ ಮುಡಿಸಿ, ಕೈತುಂಬ ಹಸಿರು ಗಾಜಿನ ಬಳೆ ತೊಡಿಸಿ ತವರಿಗೆ ಕಳಿಸಿಕೊಡುವುದು ನಮ್ಮ ಕಾಸರಗೋಡು ಕಡೆಯ ಕ್ರಮ. ಪುತ್ತೂರು, ಸುಳ್ಯಕ್ಕೆ ಮದುವೆಯಾಗಿ ಹೋದವರು ಬದಿಯಡ್ಕ, ಪೆರ್ಲ, ಮುಳ್ಳೇರಿಯಕ್ಕೆ ಬರುತ್ತಾರೆ. ಇಲ್ಲಿಯ ಸೊಸೆಯಂದಿರು ಗಡಿಯಾಚೆಯ ತವರಿಗೆ ಹೋಗುತ್ತಾರೆ. ಗಂಡನ ಮನೆ ಕಡೆಯ ಡಾಕ್ಟರಿಗೆ ತೋರಿಸಿ ಆಗಿರುತ್ತದೆ, ತವರಿನ ಡಾಕ್ಟರನ್ನು ಇನ್ನೂ ನೋಡಿರುವುದಿಲ್ಲ. "ಈಗಷ್ಟೇ ಬಂದದ್ದಲ್ವಾ, ಸ್ವಲ್ಪ ಸುಧಾರಿಸಲಿ, ಮತ್ತೆ ತೋರಿಸುವಾ" ಅಂತ ಅಮ್ಮ ಹೇಳುತ್ತಾರೆ. ಹಾಗೆ ಹೇಳುತ್ತಲೇ ಮೂರು ನಾಲ್ಕು ವಾರ ಕಳೆದುಹೋಗುತ್ತದೆ.

ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸುರಿಯರಲ್ಲಿ ಬಿಪಿ ಏರಿ ಬೇರೆ ಅಂಗಗಳಿಗೂ ತೊಂದರೆ ಕೊಡುವ ಕಾಯಿಲೆ, ಕಾಣಿಸಿಕೊಳ್ಳುವುದು 20 ವಾರ ಕಳೆದ ಮೇಲೆ. ಹೆಚ್ಚಿನವರಲ್ಲಿ ಕೊನೆಯ ಮೂರು ತಿಂಗಳಲ್ಲಿ. ಅದೂ ಮೊದಲ ಬಸಿರಿನಲ್ಲೇ ಜಾಸ್ತಿ. ನಮ್ಮಲ್ಲಿ ಬಿಪಿ ನೋಡದೆ ಬಿಟ್ಟುಹೋಗುವ ವಾರಗಳೂ ಅವೇ. ಜಗತ್ತಿನ ಲೆಕ್ಕದಲ್ಲಿ ನೂರು ಬಸುರಿಯರಲ್ಲಿ 2ರಿಂದ 8 ಮಂದಿಗೆ ಇದು ಬರುತ್ತದೆ.

"ಬಿಪಿ ಜಾಸ್ತಿ ಆದರೆ ಅವಳಿಗೇ ಗೊತ್ತಾಗುವುದಿಲ್ವಾ ಡಾಕ್ಟ್ರೇ?" ಅಂತ ಕೇಳುತ್ತಾರೆ. ಇಲ್ಲ. 150/100 ಇಟ್ಟುಕೊಂಡು ನಗುತ್ತಾ ಒಳಗೆ ಬರುವವರಿದ್ದಾರೆ. ಗೊತ್ತಾಗುವ ಹೊತ್ತಿಗೆ ಕಾಯಿಲೆ ಎಷ್ಟೋ ಮುಂದೆ ಹೋಗಿರುತ್ತದೆ. ಒಂದು ಮಳೆಗಾಲದಲ್ಲಿ 33 ವಾರದ ಹುಡುಗಿಯೊಬ್ಬಳನ್ನು "ಗ್ಯಾಸ್" ಅಂತ ಕರೆತಂದಿದ್ದರು. ರಾತ್ರಿಯಿಂದ ಓಮದ ಕಷಾಯ, ಬಿಸಿನೀರಿನ ಶಾಖ ಎಲ್ಲಾ ಆಗಿತ್ತು. ಬೇನೆ ಇದ್ದದ್ದು ಬಲಗಡೆ ಪಕ್ಕೆಲುಬಿನ ಕೆಳಗೆ. ಕೈ ನೋಡಿದೆ. ಸೀಮಂತದ ಬಳೆಗಳು ಮಣಿಕಟ್ಟಿನಲ್ಲಿ ಅಚ್ಚು ಬಿದ್ದು ಕೂತಿದ್ದವು, ಒಂದೂ ಅಲ್ಲಾಡುತ್ತಿರಲಿಲ್ಲ. ಬಿಪಿ 170/110. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗೆ, ಲಿವರ್ ಪರೀಕ್ಷೆಯೂ ಕೆಟ್ಟಿತ್ತು. ಮರುದಿನವೇ ಹೆರಿಗೆ ಮಾಡಿಸಬೇಕಾಯಿತು. ತಾಯಿ, ಮಗು ಇಬ್ಬರೂ ಉಳಿದರು. ಎರಡು ವಾರ ಮೊದಲು ಯಾರಾದರೂ ಬಿಪಿ ನೋಡಿದ್ದಿದ್ದರೆ ಅಷ್ಟು ಗಡಿಬಿಡಿ ಬೇಕಿರಲಿಲ್ಲ.

ಸಂಜೆ ಹೊತ್ತು ಕಾಲು ಊದುವುದು ಬಸುರಿಯರಲ್ಲಿ ಸಾಮಾನ್ಯ. ಬೆಳಿಗ್ಗೆ ಏಳುವಾಗಲೇ ಮುಖ, ಕೈ ಊದಿಕೊಂಡಿದ್ದರೆ ಬಿಪಿ ನೋಡಲೇಬೇಕು. ಊತ ಇಲ್ಲ ಅಂತ ನಿಶ್ಚಿಂತೆಯಿಂದಲೂ ಇರಬೇಡಿ, ಊತವೇ ಇಲ್ಲದೆ ಈ ಕಾಯಿಲೆ ಬರುವುದುಂಟು. ಮಾತ್ರೆಗೂ ಬಗ್ಗದ ತಲೆನೋವು, ಕಣ್ಣು ಮಂಜಾಗುವುದು, ಕಣ್ಣಮುಂದೆ ಮಿಂಚಿದ ಹಾಗಾಗುವುದು, ಮೇಲ್ಹೊಟ್ಟೆ ನೋವು, ಉಸಿರು ಕಟ್ಟುವುದು, ಮಗುವಿನ ಓಡಾಟ ಕಡಿಮೆಯಾಗುವುದು. ಇವುಗಳಲ್ಲಿ ಯಾವುದಿದ್ದರೂ ನಾಳೆಗೆ ಕಾಯಬಾರದು.

ಕಾರಣದ ಬೇರು ಮಾಸಿನಲ್ಲಿದೆ, ಅಂದರೆ ತಾಯಿಯ ರಕ್ತದಿಂದ ಮಗುವಿಗೆ ಆಹಾರ ಒದಗಿಸುವ ಪ್ಲಾಸೆಂಟಾದಲ್ಲಿ. ಬಸಿರಿನ ಮೊದಲರ್ಧದಲ್ಲಿ ಗರ್ಭಕೋಶದ ಸಣ್ಣ ರಕ್ತನಾಳಗಳು ಅಗಲವಾಗಬೇಕು. ಕೆಲವರಲ್ಲಿ ಅವು ಸಪೂರವಾಗಿಯೇ ಉಳಿಯುತ್ತವೆ. ತೋಟದ ಕೊನೆಯ ಸ್ಪ್ರಿಂಕ್ಲರಿಗೆ ನೀರು ಹತ್ತದ ಹಾಗೆ ಮಾಸಿಗೆ ರಕ್ತ ಸಾಲುವುದಿಲ್ಲ. ಆಗ ಮಾಸಿನಿಂದ ತಾಯಿಯ ರಕ್ತಕ್ಕೆ ಸೇರುವ ಕೆಲವು ಪದಾರ್ಥಗಳು ಮೈಯೆಲ್ಲಾ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ಲಿವರ್, ಮಿದುಳಿಗೂ ಪೆಟ್ಟು ಬೀಳುತ್ತದೆ. ಹುಡುಗಿ ಟೆನ್ಶನ್ ಮಾಡಿಕೊಂಡದ್ದಕ್ಕೆ ಬಂತು ಅಂತ ಅವಳನ್ನು ಬೈಯುವುದರಲ್ಲಿ ಅರ್ಥವಿಲ್ಲ. ಉಪ್ಪು ಪೂರ್ತಿ ಬಿಡಿಸಿ ಸಪ್ಪೆ ಗಂಜಿ ಕುಡಿಸಿದರೂ ಇದು ತಡೆಯುವುದಿಲ್ಲ. ಎಲ್ಲರ ಹಾಗೆ ಹಿತಮಿತವಾಗಿ ಉಪ್ಪು ತಿನ್ನಲಿ.

ಬಿಪಿ 140/90 ಅಥವಾ ಅದಕ್ಕಿಂತ ಮೇಲೆ, ನಾಲ್ಕು ಗಂಟೆ ಬಿಟ್ಟು ನೋಡಿದರೂ ಹಾಗೆಯೇ ಇದ್ದರೆ, ಮೂತ್ರ ಮತ್ತು ರಕ್ತದ ಪರೀಕ್ಷೆ ಆಗಬೇಕು. ಆದರೆ ನೋಡುವ ಕ್ರಮವೂ ಸರಿ ಇರಬೇಕಲ್ವಾ? ಬಸ್ಸಿಳಿದು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿರುವವಳಿಗೆ ಚೂಡಿದಾರದ ತೋಳಿನ ಮೇಲೆಯೇ ಪಟ್ಟಿ ಸುತ್ತುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಐದು ನಿಮಿಷ ಸುಮ್ನೆ ಕೂರಿಸಿ. ಬೆನ್ನಿಗೆ ಆನಿಕೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ತೋಳು ದಪ್ಪ ಇದ್ದರೆ ದೊಡ್ಡ ಪಟ್ಟಿ ಬೇಕು.

ಕಾಯಿಲೆ ಪೂರ್ತಿ ಇಳಿಯಬೇಕಾದರೆ ಹೆರಿಗೆಯಾಗಿ ಮಾಸು ಹೊರಬರಬೇಕು. ಲ್ಯಾಬೆಟಲಾಲ್, ನಿಫೆಡಿಪಿನ್ ಮಾತ್ರೆಗಳು ತಾಯಿಯ ಮಿದುಳಿನಲ್ಲಿ ರಕ್ತಸ್ರಾವ ಆಗದ ಹಾಗೆ ಕಾಯುತ್ತವೆ, ಮಗುವಿಗೆ ಬೆಳೆಯಲು ಸ್ವಲ್ಪ ಸಮಯ ಸಿಗುತ್ತದೆ, ಅಷ್ಟೇ. ಮನೆಯಲ್ಲಿರುವ ಅಪ್ಪನ ಬಿಪಿ ಮಾತ್ರೆ ಮಾತ್ರ ಕೊಡಬೇಡಿ ಮಾರಾಯ್ರೇ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್ ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಗೆ ಹಾನಿ ಮಾಡುತ್ತವೆ. ಕಾಯಿಲೆ ತೀವ್ರವಲ್ಲದಿದ್ದರೆ 37 ವಾರದವರೆಗೆ ಕಾಯಬಹುದು. ತೀವ್ರವಾಗಿದ್ದರೆ 34 ವಾರಕ್ಕೇ, ಕೆಲವೊಮ್ಮೆ ಅದಕ್ಕೂ ಮೊದಲೇ ಹೆರಿಗೆ. ಮೊದಲೇ ಆಗುವುದಾದರೆ ಮಗುವಿನ ಶ್ವಾಸಕೋಶ ಗಟ್ಟಿಯಾಗಲು ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ.

ನಮ್ಮ ಊರಿನ ಮಟ್ಟಿಗೆ ಮುಖ್ಯವಾದ ಔಷಧಿ ಮೆಗ್ನೀಷಿಯಂ ಸಲ್ಫೇಟ್. ಈ ಕಾಯಿಲೆ ಮಿದುಳನ್ನು ತಟ್ಟಿದರೆ ಫಿಟ್ಸ್ ಬರುತ್ತದೆ; ಬಂದವರಿಗೂ, ಬರುವ ಸೂಚನೆ ಇರುವವರಿಗೂ ಇದನ್ನೇ ಕೊಡುವುದು. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದು ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕಿಂತಲೂ ಕೆಳಗೆ ಇಳಿಸಿತ್ತು. ಬೆಲೆಯೂ ಕಡಿಮೆ. ಮೊದಲ ಡೋಸಿನಲ್ಲಿ ನರಕ್ಕೆ 4 ಗ್ರಾಂ, ಎರಡೂ ಪೃಷ್ಠಕ್ಕೆ ಐದೈದು ಗ್ರಾಂ ಕೊಡುವ ಪದ್ಧತಿ ನಮ್ಮಲ್ಲಿ ಹೆಚ್ಚು. ಆ ದೊಡ್ಡ ಸಿರಿಂಜ್ ನೋಡಿ ಮನೆಯವರು ಹೆದರುತ್ತಾರೆ. ಮೈಯೆಲ್ಲಾ ಬಿಸಿಯಾಯಿತು ಅಂತ ಹುಡುಗಿ ಹೇಳುತ್ತಾಳೆ. ಅದು ಸಹಜ. ಮೊಣಕಾಲಿಗೆ ಮತ್ತೆ ಮತ್ತೆ ಸುತ್ತಿಗೆಯಲ್ಲಿ ತಟ್ಟಿ ನೋಡುವುದು, ಉಸಿರು ಎಣಿಸುವುದು, ಮೂತ್ರ ಅಳೆಯುವುದು, ಎಲ್ಲಾ ಔಷಧಿ ಮಿತಿಮೀರಿಲ್ಲ ಅಂತ ಖಾತ್ರಿ ಮಾಡಲು.

ಪೆರ್ಲದಿಂದ ಮಂಗಳೂರಿಗೆ ಒಂದು ಗಂಟೆಗಿಂತ ಜಾಸ್ತಿ ಬೇಕು. ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜು ಇನ್ನೂ ದೂರ. 2020ರ ಲಾಕ್‌ಡೌನಿನಲ್ಲಿ ರಾಜ್ಯದ ಗಡಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ನಮ್ಮ ರೋಗಿಗಳು ಪಟ್ಟ ಪಾಡು ಯಾರೂ ಮರೆತಿಲ್ಲ. ಹಾಗಾಗಿ ತೀವ್ರ ಬಿಪಿ ಇರುವವಳನ್ನು ದೊಡ್ಡಾಸ್ಪತ್ರೆಗೆ ಕಳಿಸುವಾಗ, ಹೊರಡುವ ಮೊದಲೇ ಹತ್ತಿರದ ಆಸ್ಪತ್ರೆಯಲ್ಲಿ ಈ ಮೊದಲ ಡೋಸ್ ಆಗಬೇಕು. ಕೊಟ್ಟಿದ್ದಾರಾ ಅಂತ ಕೇಳುವ ಹಕ್ಕು ನಿಮಗಿದೆ. ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಆಚೆಯ ತಾಯಿ ಕಾರ್ಡನ್ನೂ ಈಚೆಯ ಕಾರ್ಡನ್ನೂ ಒಟ್ಟಿಗೇ ಇಟ್ಟುಕೊಳ್ಳಿ. ಒಂದು ಕನ್ನಡದಲ್ಲಿ, ಇನ್ನೊಂದು ಮಲಯಾಳದಲ್ಲಿ ಇದ್ದರೂ ಬಿಪಿಯ ಅಂಕಿ ಎಲ್ಲರಿಗೂ ಓದಲು ಬರುತ್ತದೆ.

ಹೆರಿಗೆ ಆದ ಕೂಡಲೇ ಎಲ್ಲಾ ಮುಗಿಯಿತು ಅಂತ ತಿಳಿಯಬೇಡಿ. ಬಿಪಿ ತುಂಬ ಏರುವುದು ಹೆರಿಗೆಯಾದ 3ರಿಂದ 6ನೇ ದಿನದ ಒಳಗೆ. ಅಷ್ಟು ಹೊತ್ತಿಗೆ ಬಾಣಂತಿ ಮನೆಗೆ ಬಂದು, ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯಿಸಿಕೊಳ್ಳುತ್ತಿರುತ್ತಾಳೆ. ತಲೆನೋವು ಅಂದರೆ "ನಿದ್ದೆ ಸಾಲದ್ದು" ಅಂತ ಆಗುತ್ತದೆ. ಆ ವಾರ ಆಶಾ ಕಾರ್ಯಕರ್ತೆಯನ್ನೋ ನರ್ಸನ್ನೋ ಕರೆದು ಬಿಪಿ ನೋಡಿಸಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಒಮ್ಮೆ ಇದು ಬಂದವರಿಗೆ ಮುಂದೆ ಬಿಪಿ, ಹೃದಯದ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ. ವರ್ಷಕ್ಕೊಮ್ಮೆ ತೋರಿಸುತ್ತಾ ಇರಿ.

ಇನ್ನೊಂದು ಮಗು ಬೇಕು ಅಂತಾದರೆ, ಬಸಿರಾದದ್ದು ಗೊತ್ತಾದ ಕೂಡಲೇ ಬನ್ನಿ, ಸೀಮಂತದವರೆಗೆ ಕಾಯಬೇಡಿ. ಸಣ್ಣ ಡೋಸಿನ ಆಸ್ಪಿರಿನ್ ಈ ಕಾಯಿಲೆಯ ಅಪಾಯವನ್ನು ತಗ್ಗಿಸುತ್ತದೆ, ಆದರೆ 16 ವಾರ ತುಂಬುವ ಮೊದಲೇ ಶುರು ಮಾಡಬೇಕು. ನಾವು ಸಾಮಾನ್ಯವಾಗಿ 12ನೇ ವಾರಕ್ಕೆ ಶುರು ಮಾಡುತ್ತೇವೆ, ರಾತ್ರಿ ಮಲಗುವಾಗ ಒಂದು. ಜೊತೆಗೆ ಸರ್ಕಾರದಿಂದ ಸಿಗುವ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆರಡು. ಅದನ್ನು ಕಬ್ಬಿಣದ ಮಾತ್ರೆಯೊಟ್ಟಿಗೆ ನುಂಗಬಾರದು, ಎರಡಕ್ಕೂ ನಡುವೆ ಕನಿಷ್ಠ ಎರಡು ಗಂಟೆ ಬಿಡಿ.