ಆರ್ಡರ್ ನಿಂತರೆ ಕೈಯೂ ಮರೆಯುತ್ತದೆ

ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. 615 ಎಕರೆ ಜಾಗ. 'ಇಷ್ಟು ದೊಡ್ಡ ಕಾರ್ಖಾನೆ ಬಂತಲ್ಲ, ಹೆಲಿಕಾಪ್ಟರ್ ಯಾಕೆ ಬೇಗ ಬೇಗ ಬರಲ್ಲ?' ಎಂದು ತುಮಕೂರಿನಲ್ಲಿ ಜನ ನನ್ನನ್ನು ಕೇಳುತ್ತಾರೆ. ವಿಮಾನದ ಬಿಡಿಭಾಗಗಳ ಗುಣಮಟ್ಟ ನೋಡುವುದು ನನ್ನ ಕೆಲಸ. ಹಾಗಾಗಿ ಬಿಡಿಭಾಗ ತಯಾರಿಸುವ ಮಷಿನ್ ಶಾಪ್ ಕಡೆಯಿಂದ ಉತ್ತರ ಹೇಳುತ್ತೇನೆ.

ನಮ್ಮ ಸೇನೆಯ ಚೀತಾ, ಚೇತಕ್ ಹೆಲಿಕಾಪ್ಟರ್ ಎರಡೂ ಫ್ರಾನ್ಸ್‌ನ ಹಳೆಯ ವಿನ್ಯಾಸಗಳು. ಸಿಯಾಚಿನ್‌ನಂಥ ಎತ್ತರದಲ್ಲಿ ನಮ್ಮ ಸೈನಿಕರು ದಶಕಗಳಿಂದ ಚೀತಾವನ್ನೇ ನಂಬಿದ್ದಾರೆ. 6,000 ಮೀಟರ್ ಮೇಲೆ ಗಾಳಿ ಸಮುದ್ರಮಟ್ಟದ ಹೆಚ್ಚುಕಮ್ಮಿ ಅರ್ಧದಷ್ಟೇ ದಟ್ಟ. ರೆಕ್ಕೆಗೆ ಹಿಡಿತ ಸಿಗಲ್ಲ, ಎಂಜಿನ್ನಿನ ಬಲವೂ ಕುಗ್ಗುತ್ತದೆ. ಅಲ್ಲಿ ಒಂದು ಬಿಡಿಭಾಗ ಕೈಕೊಟ್ಟರೆ ಇಳಿಯಲು ಜಾಗವೇ ಇರಲ್ಲ. ಎಚ್‌ಎಎಲ್‌ನ ಹೊಸ ಹಗುರ ಹೆಲಿಕಾಪ್ಟರ್ ಎಲ್‌ಯುಎಚ್ ಬರಬೇಕಿರುವುದು ಇವುಗಳ ಜಾಗಕ್ಕೇ.

ಈಗ ಒಂದು ಸಣ್ಣ ಬ್ರಾಕೆಟ್, ಅಂದರೆ ಬೇರೆ ಭಾಗವನ್ನು ಹಿಡಿದಿಡುವ ತುಂಡು, ತೆಗೆದುಕೊಳ್ಳಿ. ಅಲ್ಯೂಮಿನಿಯಂ ಬಂದ ದಿನವೇ ಹೀಟ್ ನಂಬರ್ ದಾಖಲಾಗಬೇಕು. ಲೋಹ ಯಾವ ಸಲ ಕರಗಿಸಿದ್ದು ಅಂತ ಹೇಳುವ ಗುರುತು ಅದು. ಕತ್ತರಿಸಿದ ಪ್ರತಿ ತುಂಡಿನ ಜೊತೆಗೂ ಅದು ಸಾಗಬೇಕು. ಗುರುತು ಅಳಿಸಿದರೆ ಅಳತೆ ಎಷ್ಟೇ ಸರಿಯಿದ್ದರೂ ತುಂಡು ಗುಜರಿಗೆ. ಮೊದಲ ತುಂಡು ತಯಾರಾದ ಮೇಲೆ ಡ್ರಾಯಿಂಗ್‌ನ ಪ್ರತಿ ಅಳತೆಯನ್ನೂ ಪರೀಕ್ಷಿಸಿ ಬರೆದಿಡುತ್ತೇವೆ. ಇದೇ ಫಸ್ಟ್ ಆರ್ಟಿಕಲ್ ಇನ್‌ಸ್ಪೆಕ್ಷನ್. ತುಂಡಿನ ಮೇಲೆ ಪರಿಣಾಮ ಬೀರುವಂತೆ ಮಷಿನ್‌ನ ಪ್ರೋಗ್ರಾಂ ಅಥವಾ ಟೂಲಿಂಗ್ (ತಯಾರಿಗೆ ಬಳಸುವ ಸಲಕರಣೆ) ಬದಲಾದರೆ ಆ ಭಾಗವನ್ನು ಮತ್ತೆ ಪರೀಕ್ಷಿಸಬೇಕು. ಎರಡು ವರ್ಷ ಉತ್ಪಾದನೆ ನಿಂತರೂ ಮತ್ತೆ ಮಾಡಬೇಕು.

ಈ ಎರಡು ವರ್ಷದ ನಿಯಮ ಸುಮ್ನೆ ಮಾಡಿದ್ದಲ್ಲ. ಅಷ್ಟರಲ್ಲಿ ಆಪರೇಟರ್ ಕೆಲಸ ಬಿಟ್ಟಿರುತ್ತಾನೆ, ತುಂಡನ್ನು ಹಿಡಿದಿಡುವ ಫಿಕ್ಸ್ಚರ್ ಸವೆದಿರುತ್ತದೆ. ಅಮೆರಿಕದ ಸ್ಟಿಂಗರ್ ಕ್ಷಿಪಣಿಯನ್ನೇ ನೋಡಿ. ಅಲ್ಲಿನ ಸೇನೆ ಎಷ್ಟೋ ವರ್ಷ ಹೊಸದಾಗಿ ಕೊಂಡಿರಲಿಲ್ಲ. 2022ರಲ್ಲಿ ಉಕ್ರೇನಿಗೆ ಕಳಿಸಿ ದಾಸ್ತಾನು ಕರಗಿದಾಗ ಕೆಲವು ಬಿಡಿಭಾಗಗಳೇ ಸಿಗುತ್ತಿರಲಿಲ್ಲ. ಎಲೆಕ್ಟ್ರಾನಿಕ್ಸ್ ಅನ್ನು ಮರುವಿನ್ಯಾಸ ಮಾಡಬೇಕಾಯಿತು. ಅಷ್ಟು ದುಡ್ಡಿರುವ ದೇಶಕ್ಕೇ ಈ ಗತಿ ಅಲ್ವಾ?

ಆದ್ದರಿಂದ 2025ರ ಮಾರ್ಚ್‌ನಲ್ಲಿ 156 ಪ್ರಚಂಡ್ ಹೆಲಿಕಾಪ್ಟರ್‌ಗಳಿಗೆ ಒಪ್ಪಂದವಾದಾಗ ನನಗೆ ಸಂಖ್ಯೆಗಿಂತ ಅವಧಿ ಮುಖ್ಯವೆನಿಸಿತು. ಬೆಂಗಳೂರು, ತುಮಕೂರಿನಲ್ಲಿ ತಯಾರಿ. ಪೂರೈಕೆ ಮೂರನೇ ವರ್ಷ ಶುರುವಾಗಿ ಐದು ವರ್ಷ ನಡೆಯಬೇಕು. ಎಲ್‌ಯುಎಚ್‌ಗೂ ಇಂಥದ್ದೇ ದೀರ್ಘ ಆರ್ಡರ್ ಬೇಕು. ಬಿಟ್ಟು ಬಿಟ್ಟು ಹತ್ತಿಪ್ಪತ್ತು ಕೇಳಿದರೆ ಸಣ್ಣ ಶಾಪ್‌ಗಳು ಉಳಿಯಲ್ಲ.

ತುಮಕೂರು ಬಳಿಯ ಕೈಗಾರಿಕಾ ಪ್ರದೇಶ ವಸಂತನರಸಾಪುರದ ಶಾಪ್ ಮಾಲೀಕರಿಗೆ ಒಂದು ಮಾತು. ಇನ್ನೊಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮಷಿನ್‌ಗೆ ಸಾಲ ಮಾಡುವ ಮುಂಚೆ, ತಾಪಮಾನ 20 ಡಿಗ್ರಿಯಲ್ಲೇ ನಿಲ್ಲುವ ಅಳತೆ ಕೋಣೆ ಕಟ್ಟಿಸಿ. ದಾಖಲೆ ಇಡಲು ಪೂರ್ತಿ ಸಮಯದ ಒಬ್ಬರನ್ನು ನೇಮಿಸಿ.