ಫೋಕಸ್ ಒದ್ದಾಡುತ್ತಿದ್ದರೆ ಲೆನ್ಸ್ ಒಳಗೆ ನೋಡಿ

ಧಾರೆ ಮುಗಿದ ಮೇಲೆ ನೆಂಟರೆಲ್ಲ ಸ್ಟೇಜ್ ಹತ್ತಿ ಗ್ರೂಪ್ ಫೋಟೋಗೆ ನಿಲ್ಲುತ್ತಾರೆ. ಮೂರು ಸಾಲು ಜನ. ಹಿಂದಿನ ಸಾಲಿನ ಅಜ್ಜನೂ ಶಾರ್ಪ್ ಆಗಿ ಬರಬೇಕು ಅಂತ ಅಪರ್ಚರ್ (ಲೆನ್ಸ್ ಒಳಗಿನ ರಂಧ್ರ) ಎಫ್/8ಕ್ಕೆ ಇಟ್ಟು ಫ್ಲ್ಯಾಶ್ ಹಾಕುತ್ತೇನೆ. ಎಫ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಕಿರಿದು. ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಹೀಗೇ ವರ್ಷಗಟ್ಟಲೆ ತೆಗೆದಿದ್ದೆ. ಆ ಕನ್ನಡಿ ಇಲ್ಲದ ಮಿರರ್‌ಲೆಸ್ ತಂದ ಮೊದಲ ಸೀಸನ್‌ನಲ್ಲೇ ಫೋಕಸ್ ಹಿಂದೆ ಮುಂದೆ ಓಡಾಡತೊಡಗಿತು. ಲೆನ್ಸ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ.

ಡಿಎಸ್‌ಎಲ್‌ಆರ್‌ನಲ್ಲಿ ನೀವು ಯಾವ ಅಪರ್ಚರ್ ಇಟ್ಟರೂ ಲೆನ್ಸ್ ಪೂರ್ತಿ ತೆರೆದೇ ಇರುತ್ತದೆ. ಕ್ಲಿಕ್ ಆಗುವ ಕ್ಷಣಕ್ಕೆ ಮಾತ್ರ ಒಳಗಿನ ಬ್ಲೇಡ್‌ಗಳು ಮುಚ್ಚುತ್ತವೆ. ಮಿರರ್‌ಲೆಸ್‌ನಲ್ಲಿ ವ್ಯೂಫೈಂಡರ್‌ನ ಚಿತ್ರ, ಫೋಕಸ್ ಎರಡೂ ಒಂದೇ ಸೆನ್ಸರ್‌ನಿಂದ ಬರಬೇಕು. ಡೆಪ್ತ್ ಆಫ್ ಫೀಲ್ಡ್ (ಎಲ್ಲಿಂದ ಎಲ್ಲಿಯವರೆಗೆ ಶಾರ್ಪ್ ಆಗಿ ಬರುತ್ತದೆ ಅನ್ನುವುದು) ಮೊದಲೇ ಕಾಣಬೇಕೆಂದರೆ ಬ್ಲೇಡ್ ಮುಚ್ಚಿರಬೇಕು. ಫೋಕಸ್‌ಗೆ ಬೆಳಕು ಬೇಕೆಂದರೆ ತೆರೆದಿರಬೇಕು. ಒಂದೊಂದು ಕಂಪನಿ ಒಂದೊಂದು ದಾರಿ ಹಿಡಿದಿದೆ. ನಿಕಾನ್ ಝಡ್6, ಝಡ್7 ಎಫ್/5.6ರ ತನಕ ನೀವು ಇಟ್ಟಲ್ಲೇ ಇರುತ್ತವೆ, ಅದಕ್ಕಿಂತ ಕಿರಿದಾಗಿ ಕ್ಲಿಕ್ ಆಗುವವರೆಗೆ ಮುಚ್ಚುವುದಿಲ್ಲ. ಕ್ಯಾನನ್ ಆರ್ ಸರಣಿ ಸಾಮಾನ್ಯವಾಗಿ ತೆರೆದ ಲೆನ್ಸ್‌ನಲ್ಲೇ ತೋರಿಸುತ್ತದೆ. ಸೋನಿಯ ಹಲವು ಕ್ಯಾಮೆರಾ ಬಾಡಿಗಳು ಇಟ್ಟ ಅಪರ್ಚರ್‌ಗೇ ಮುಚ್ಚಿಕೊಂಡು ತೋರಿಸುತ್ತವೆ.

ಮುಚ್ಚಿದರೆ ಏನಾಗುತ್ತದೆ? ಎಫ್/2.8ರಿಂದ ಎಫ್/8ಕ್ಕೆ ಬಂದರೆ ಬೆಳಕು ಎಂಟರಲ್ಲಿ ಒಂದು ಪಾಲಾಗುತ್ತದೆ. ಇನ್ನೂ ಮುಖ್ಯವಾದದ್ದು ಬೇರೆ ಇದೆ. ಫೇಸ್ ಡಿಟೆಕ್ಷನ್ ಅನ್ನುವ ಆಟೋಫೋಕಸ್ ವಿಧಾನ ಲೆನ್ಸಿನ ಎಡಬದಿಯಿಂದ, ಬಲಬದಿಯಿಂದ ಬಂದ ಎರಡು ಚಿತ್ರಗಳನ್ನು ಹೋಲಿಸುತ್ತದೆ. ರಂಧ್ರ ಕಿರಿದಾದಷ್ಟೂ ಆ ಎರಡು ಬದಿಗಳ ಅಂತರ ಕಡಿಮೆಯಾಗಿ, ವ್ಯತ್ಯಾಸ ಅಳೆಯುವುದು ಕಷ್ಟವಾಗುತ್ತದೆ. ನಮ್ಮ ಎರಡು ಕಣ್ಣು ಮೂಗಿಗೆ ಅಂಟಿಕೊಂಡಿದ್ದರೆ ದೂರ ಅಂದಾಜಾಗುತ್ತಿತ್ತಾ? ಹಾಗೆ.

ಆದರೆ ಮುಚ್ಚಿ ಫೋಕಸ್ ಮಾಡುವುದು ದಡ್ಡತನವೇನಲ್ಲ. ಎಫ್/1.4ರಂಥ ಕೆಲವು ಲೆನ್ಸ್‌ಗಳಲ್ಲಿ ಬ್ಲೇಡ್ ಮುಚ್ಚಿದಾಗ ಫೋಕಸ್ ಸ್ವಲ್ಪ ಜಾರುತ್ತದೆ. ಫೋಟೋ ತೆಗೆಯುವ ಅಪರ್ಚರ್‌ನಲ್ಲೇ ಫೋಕಸ್ ಮಾಡಿದರೆ ಆ ತಪ್ಪು ಆಗುವುದಿಲ್ಲ. ಪೋರ್ಟ್ರೇಟ್‌ಗೆ ನನಗೆ ಇದೇ ಇಷ್ಟ.

ಫ್ಲ್ಯಾಶ್ ಹಾಕುವಾಗ ವ್ಯೂಫೈಂಡರ್ ಕಪ್ಪಾಗುತ್ತದೆ ಅಂತ ಎಕ್ಸ್‌ಪೋಷರ್ ಪ್ರಿವ್ಯೂ (ಫೋಟೋ ಎಷ್ಟು ಬೆಳಕಾಗಿ ಬರುತ್ತದೆ ಅಂತ ಮೊದಲೇ ತೋರಿಸುವುದು) ಆಫ್ ಮಾಡುತ್ತೇವೆ ಅಲ್ವಾ? ನಾನೂ ಮಾಡಿದ್ದೆ. ಚಿತ್ರ ಬೆಳ್ಳಗಾಯಿತು, ಫೋಕಸ್ ಮಾತ್ರ ಸುಧಾರಿಸಲಿಲ್ಲ. ಕ್ಯಾಮೆರಾ ಸುಮ್ನೆ ಸಿಗ್ನಲ್ ಹೆಚ್ಚಿಸಿ ತೋರಿಸುತ್ತಿತ್ತು, ಬ್ಲೇಡ್‌ಗಳು ಮುಚ್ಚೇ ಇದ್ದವು. ಗೊತ್ತಾದದ್ದು ಹೀಗೆ: ಎಫ್/11 ಇಟ್ಟು, ಲೆನ್ಸ್ ಮುಂಭಾಗವನ್ನು ನನ್ನ ಕಡೆ ತಿರುಗಿಸಿ, ಬಟನ್ ಅರ್ಧ ಒತ್ತಿದೆ. ಕಿರಿದಾದ ರಂಧ್ರ ಕಣ್ಣಿಗೇ ಕಂಡಿತು. ನಿಮ್ಮ ಬಾಡಿಯಲ್ಲೂ ಮನೆಯಲ್ಲೇ ನೋಡಿ, ಒಂದು ನಿಮಿಷ ಸಾಕು.

ಸೋನಿಯ ಹೊಸ ಬಾಡಿಗಳಲ್ಲಿ ಅಪರ್ಚರ್ ಡ್ರೈವ್ ಇನ್ ಎಎಫ್ (ಎಎಫ್ ಅಂದರೆ ಆಟೋಫೋಕಸ್) ಅನ್ನುವ ಮೆನು ಇದೆ. ಅದನ್ನು ಫೋಕಸ್ ಪ್ರಯಾರಿಟಿಗೆ ಹಾಕಿದರೆ ಫೋಕಸ್ ಮಾಡುವಾಗ ಬ್ಲೇಡ್ ತೆರೆದುಕೊಳ್ಳುತ್ತದೆ. ಸದ್ದು ಸ್ವಲ್ಪ ಜಾಸ್ತಿ, ಮದುವೆ ಮನೆಯಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ. ಮೆನು ಇಲ್ಲದಿದ್ದರೆ ಜನರನ್ನು ಎರಡು ಸಾಲಿಗೆ ಇಳಿಸಿ ಎಫ್/5.6ಕ್ಕೆ ಬನ್ನಿ. ಗ್ರೂಪ್ ಫೋಟೋ ಮುಗಿಯುವ ತನಕ ಲೈಟ್ ಆರಿಸಬೇಡಿ ಅಂತ ವಿಡಿಯೋದವರಿಗೂ ಮೊದಲೇ ಹೇಳಿಬಿಡಿ.