ನೆಟ್ ನ್ಯೂಟ್ರಾಲಿಟಿ: ಪಂಕ್ತಿಭೇದ ಇಲ್ಲದ ಇಂಟರ್‌ನೆಟ್

ಮಧ್ಯಾಹ್ನ ಎರಡು ಗಂಟೆಗೇ ಅಮ್ಮನ ಫೋನಿಗೆ ಮೆಸೇಜ್ ಬಂತು, ಇವತ್ತಿನ ಡೇಟಾ ಅರ್ಧ ಖಾಲಿ ಅಂತ. ಅವಳದು ದಿನಕ್ಕೆ 1.5 ಜಿಬಿ ಪ್ಯಾಕ್. ಬೆಳಿಗ್ಗೆ ಚಿಕ್ಕಮ್ಮನ ಜೊತೆ ವಿಡಿಯೊ ಕಾಲ್ ಆಗಿತ್ತು, ಆಮೇಲೆ ಎರಡು ಅಡುಗೆ ವಿಡಿಯೊ. "ಯಾವುದು ಜಾಸ್ತಿ ತಿಂತೋ?" ಅಂತ ಕೇಳಿದಳು. ಸೆಟ್ಟಿಂಗ್ಸ್ ತೆರೆದು ತೋರಿಸಿದೆ. ಯಾವ ಆ್ಯಪ್ ಎಷ್ಟು ಎಂಬಿ ಬಳಸಿದೆ ಅಂತ ಅಲ್ಲಿ ಸಾಲಾಗಿ ಇರುತ್ತೆ. ಆದರೆ ಕಂಪನಿ ಪ್ಯಾಕ್‌ನಿಂದ ಕಳೆಯುವುದು ಒಟ್ಟು ಮೊತ್ತವನ್ನು ಮಾತ್ರ. ಅಡುಗೆ ವಿಡಿಯೊದ 100 ಎಂಬಿಗೂ ವಿಡಿಯೊ ಕಾಲ್‌ನ 100 ಎಂಬಿಗೂ ಒಂದೇ ಲೆಕ್ಕ.

ಈ ಒಂದೇ ಲೆಕ್ಕದ ಹೆಸರೇ ನೆಟ್ ನ್ಯೂಟ್ರಾಲಿಟಿ. ಬೆಲೆಯಲ್ಲಾಗಲಿ ವೇಗದಲ್ಲಾಗಲಿ, ನೀವು ನೋಡುತ್ತಿರುವುದು ಯಾವ ಸೈಟು ಅಂತ ನೋಡಿ ಕಂಪನಿ ಭೇದ ಮಾಡಬಾರದು, ಅಷ್ಟೇ.

ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ 2003ರಲ್ಲಿ ಬರೆದ ಪ್ರಬಂಧದಿಂದ ಈ ಮಾತು ಚಾಲ್ತಿಗೆ ಬಂತು. ಕನ್ನಡದಲ್ಲಿ ‘ಅಂತರ್ಜಾಲ ತಟಸ್ಥತೆ’, ‘ಅಂತರ್ಜಾಲ ಸಮಾನತೆ’ ಎಂದೆಲ್ಲ ಬರೆಯುತ್ತಾರೆ. ತಟಸ್ಥ ಅಂದರೆ ದಡದ ಮೇಲೆ ನಿಂತವನು. ಕಂಪನಿ ದಡದಲ್ಲಿ ಸುಮ್ನೆ ನಿಂತಿಲ್ಲವಲ್ಲ, ಬಡಿಸುತ್ತಿದೆ. ಹಾಗಾಗಿ ನನಗೆ ಹತ್ತಿರ ಅನ್ನಿಸುವುದು ನಮ್ಮ ‘ಪಂಕ್ತಿಭೇದ’ ಎಂಬ ಮಾತು. ಅದು ಇಲ್ಲದಿರುವುದೇ ನೆಟ್ ನ್ಯೂಟ್ರಾಲಿಟಿ.

ಹಾಗಂತ ಎಲ್ಲರಿಗೂ ಒಂದೇ ಬೆಲೆ ಅಂತಲ್ಲ. ಹೋಟೆಲಿನಲ್ಲಿ ಪ್ಲೇಟ್ ಮೀಲ್ಸ್‌ಗೆ ಒಂದು ರೇಟು, ಫುಲ್ ಮೀಲ್ಸ್‌ಗೆ ಇನ್ನೊಂದು ಇರುತ್ತೆ, ಅದನ್ನು ಯಾರೂ ಪಂಕ್ತಿಭೇದ ಅನ್ನುವುದಿಲ್ಲ. ಜಾಸ್ತಿ ಜಿಬಿಗೆ, ಜಾಸ್ತಿ ವೇಗದ ಫೈಬರ್‌ಗೆ ಕಂಪನಿ ಜಾಸ್ತಿ ದುಡ್ಡು ಕೇಳಬಹುದು. ದಿನದ ಕೋಟಾ ಮುಗಿದ ಮೇಲೆ ವೇಗವನ್ನು 64 ಕೆಬಿಪಿಎಸ್‌ಗೆ ಇಳಿಸಬಹುದು, ಆದರೆ ಎಲ್ಲ ಸೈಟಿಗೂ ಒಟ್ಟಿಗೇ ಇಳಿಸಬೇಕು. 28 ದಿನದ ಪ್ಯಾಕ್ ಹಾಕಿದವರು ವರ್ಷಕ್ಕೆ 12 ಸಲವಲ್ಲ, 13 ಸಲ ರೀಚಾರ್ಜ್ ಮಾಡಬೇಕಾಗುತ್ತೆ. ಅದು ಸಿಟ್ಟು ತರಿಸುವ ವಿಷಯವೇ. ಒಂದಾದರೂ 30 ದಿನದ ಪ್ಲಾನ್ ಇರಲೇಬೇಕು ಅಂತ ಟೆಲಿಕಾಂ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್ 2022ರಲ್ಲಿ ಹೇಳಿತು. ಆದರೂ ಅದು ಬೇರೆ ಜಗಳ.

ನಮ್ಮ ದೇಶದಲ್ಲಿ ನೆಟ್ ನ್ಯೂಟ್ರಾಲಿಟಿಯ ಜಗಳ ಜೋರಾಗಿದ್ದು 2014ರ ಡಿಸೆಂಬರಿನಿಂದ. ಇಂಟರ್‌ನೆಟ್ ಮೂಲಕ ಮಾಡುವ ಕಾಲ್‌ಗಳಿಗೆ ಬೇರೆ ದರ ಹಾಕುವುದಾಗಿ ಏರ್‌ಟೆಲ್ ಹೇಳಿತು. ಜನ ರೇಗಿದರು, ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. 2015ರ ಮಾರ್ಚ್‌ನಲ್ಲಿ ಟ್ರಾಯ್ ಈ ಬಗ್ಗೆ ಜನರ ಅಭಿಪ್ರಾಯ ಕೇಳಿದಾಗ ಒಂದು ತಿಂಗಳೊಳಗೆ, ನೆಟ್ ನ್ಯೂಟ್ರಾಲಿಟಿ ಬೇಕು ಅಂತ ಹತ್ತಿರಹತ್ತಿರ 10 ಲಕ್ಷ ಇಮೇಲ್ ಹೋದವು.

ಜಾಸ್ತಿ ದುಡ್ಡು ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತೆ. ಪುಕ್ಕಟೆ ಕೊಟ್ಟರೆ? ಕಷ್ಟ ಇರುವುದು ಇಲ್ಲೇ. ಫೇಸ್‌ಬುಕ್ ತಂದ ‘ಫ್ರೀ ಬೇಸಿಕ್ಸ್’ ಅಂಥದ್ದು. ಅದರೊಳಗಿನ ಕೆಲವು ಸೈಟು ನೋಡಲು ಡೇಟಾ ಖರ್ಚಿಲ್ಲ, ಹೊರಗಿನದಕ್ಕೆ ದುಡ್ಡು. ಬಡವರಿಗೆ ಏನೂ ಇಲ್ಲದಿರುವುದಕ್ಕಿಂತ ಇಷ್ಟಾದರೂ ಸಿಗಲಿ ಅಂತ ವಾದ ಮಾಡಿದವರಿದ್ದರು. ಅದು ತೆಗೆದುಹಾಕುವಂಥ ಮಾತಲ್ಲ. ಆದರೆ ಹೀಗೆ ಯೋಚಿಸಿ. ಶಿರಸಿಯಲ್ಲೋ ಸಿಂಧನೂರಲ್ಲೋ ಕೂತು ಒಬ್ಬ ಹುಡುಗಿ ರೈತರಿಗಾಗಿ ಕನ್ನಡದಲ್ಲಿ ಒಂದು ಒಳ್ಳೆಯ ಸೈಟು ಮಾಡುತ್ತಾಳೆ. ಪುಕ್ಕಟೆ ಪಟ್ಟಿಯಲ್ಲಿ ಅವಳ ಸೈಟಿಲ್ಲ. ಕೈಯಲ್ಲಿ ಕಾಸಿಲ್ಲದ ರೈತ ಅವಳ ಸೈಟಿನ ತನಕ ಬರುವುದೇ ಇಲ್ಲ. ಅವಳು ಕೆಲಸದಲ್ಲಿ ಸೋತಿಲ್ಲ, ಪಂಕ್ತಿಯಲ್ಲಿ ಅವಳಿಗೆ ಎಲೆಯನ್ನೇ ಹಾಕಿರಲಿಲ್ಲ. ಕನ್ನಡದಂಥ ಭಾಷೆಗಳಲ್ಲಿ ಇಂಟರ್‌ನೆಟ್ ಕಟ್ಟುವವರು ಹೆಚ್ಚಾಗಿ ಇಂಥವರೇ, ಅಲ್ವಾ? ಅದಕ್ಕೇ ಈ ವಿಷಯ ನನಗೆ ಮನಸ್ಸಿಗೆ ಹತ್ತಿರ.

2016ರ ಫೆಬ್ರುವರಿ 8ರಂದು ಟ್ರಾಯ್ ನಿಯಮ ತಂದಿತು. ಏನು ನೋಡುತ್ತೀರಿ ಎಂಬುದರ ಮೇಲೆ ಡೇಟಾ ದರ ಬದಲಿಸುವಂತಿಲ್ಲ. ತಪ್ಪಿದರೆ ದಿನಕ್ಕೆ 50,000 ರೂಪಾಯಿ ದಂಡ, ಗರಿಷ್ಠ 50 ಲಕ್ಷ. ತುರ್ತು ಸೇವೆಗೆ ವಿನಾಯಿತಿ ಇದೆ. ಫ್ರೀ ಬೇಸಿಕ್ಸ್ ಇಲ್ಲಿಂದ ಹೊರಟುಹೋಯಿತು. ಬೆಲೆಯ ವಿಷಯ ಹೀಗೆ ಮುಗಿಯಿತು, ವೇಗದ್ದು ಉಳಿದಿತ್ತು. ಯಾವ ಸೈಟನ್ನೂ ಬೇಕೆಂದೇ ತಡೆಯಬಾರದು, ನಿಧಾನ ಮಾಡಬಾರದು ಎಂಬ ತತ್ವವನ್ನು ಸರ್ಕಾರ 2018ರ ಜುಲೈನಲ್ಲಿ ಒಪ್ಪಿಕೊಂಡಿತು. ದೂರದಿಂದ ಮಾಡುವ ಶಸ್ತ್ರಚಿಕಿತ್ಸೆಯಂಥವನ್ನು ಮಾತ್ರ ಇದರಿಂದ ಹೊರಗಿಟ್ಟರು. ಈ ಹೆಸರು ಹುಟ್ಟಿದ ಅಮೆರಿಕದಲ್ಲಿ ನಿಯಮ 2015ರಲ್ಲಿ ಬಂದು, 2017ರಲ್ಲಿ ಹೋಗಿ, 2024ರಲ್ಲಿ ಮತ್ತೆ ಬಂದು, 2025ರ ಜನವರಿಯಲ್ಲಿ ಕೋರ್ಟಿನಲ್ಲಿ ಬಿದ್ದುಹೋಯಿತು.

ಈಗ ರೀಚಾರ್ಜ್ ಜೊತೆ ಒಟಿಟಿ ಚಂದಾ ಫ್ರೀ ಸಿಗುತ್ತದಲ್ಲ, ಅದೂ ಪಂಕ್ತಿಭೇದವೇ ಅಂತ ಕೆಲವರು ಕೇಳುತ್ತಾರೆ. ಚಂದಾ ಬೇರೆ, ಡೇಟಾ ಬೇರೆ. ಅಲ್ಲಿ ಸಿನಿಮಾ ನೋಡಿದರೂ ನಿಮ್ಮ 1.5 ಜಿಬಿಯೇ ಕರಗುತ್ತಿದ್ದರೆ ಲೆಕ್ಕ ಒಂದೇ ಆಯಿತು. ‘ಈ ಆ್ಯಪ್ ನೋಡಿದರೆ ಡೇಟಾ ಖರ್ಚಾಗುವುದಿಲ್ಲ’ ಅಂತ ಯಾರಾದರೂ ಹೇಳಿದರೆ ಮಾತ್ರ, 2016ರ ನಿಯಮ ನೆನಪಿಸಿಕೊಂಡು ಕೇಳಿ.